ಮೀನಿನ ಮೊಟ್ಟೆಗೆ ಇನ್ಸುಲಿನ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತ, ಜೊತೆಗೆ ಪಿಎಚ್.ಡಿ.ಯನ್ನೂ ಮಾಡುತ್ತಿದ್ದೆ. ವಿಷಯ, ಮೀನಿನ ಅಂಡಾಶಯ. ಅದರೊಳಗೆ ಪ್ರತಿ ಮೊಟ್ಟೆಯ ಸುತ್ತಲೂ ಜೀವಕೋಶಗಳ ತೆಳ್ಳನೆಯ ಚೀಲವಿರುತ್ತದೆ. ಬೆಳವಣಿಗೆಯ ಅಂಶಗಳೆಂಬ ಕೆಲವು ವಸ್ತುಗಳು ಆ ಚೀಲದ ಬಾಗಿಲು ತಟ್ಟಿ, "ಹೊತ್ತಾಯಿತು, ಹಣ್ಣಾಗು" ಎಂದು ಸುದ್ದಿ ಮುಟ್ಟಿಸುತ್ತವೆ. ನಮ್ಮ ಇನ್ಸುಲಿನ್ ಕೂಡ ಅವುಗಳ ಹತ್ತಿರದ ನೆಂಟ. ಮೊಟ್ಟೆಗೆ ಇನ್ಸುಲಿನ್ ಹಾಕಿ, ಅದು ಹಣ್ಣಾಗುವುದನ್ನು ತೋರಿಸಿಬಿಟ್ಟರೆ ನಾನು ಡಾಕ್ಟರ್! ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿ ಇರಲಾರದು ಎಂದುಕೊಂಡಿದ್ದೆ.

ಮೆಡಿಕಲ್ ಸ್ಟೋರಿನಿಂದ ಒಂದು ಬಾಟಲಿ ಇನ್ಸುಲಿನ್, ನಾಲ್ಕು ಸಿರಿಂಜು ತಂದು ಮನೆಯ ಫ್ರಿಜ್ಜಿನ ಬಾಗಿಲಲ್ಲಿಟ್ಟೆ. ಹಾಲು ತೆಗೆಯಲು ಹೋದ ಹೆಂಡತಿ ಸುಶೀಲ ಬಾಟಲಿ ಹಿಡಿದುಕೊಂಡೇ ಬಂದಳು.

"ರೀ, ನಿಮ್ಗೆ ಸಕ್ಕರೆ ಕಾಯ್ಲೆ ಬಂದದೆ. ನನ್ನತ್ರ ಮುಚ್ಚಿಡ್ತಾ ಇದ್ದೀರಿ."

"ಇಲ್ಲ ಕಣೇ, ಅದು ಮೀನಿಗೆ!"

"ಮೀನ್ಗೂ ಸಕ್ಕರೆ ಕಾಯ್ಲೆ ಬತ್ತದಾ?"

ನಾನು ಜೀವಕೋಶದಿಂದ ಆರಂಭಿಸಿ ಹದಿನೈದು ನಿಮಿಷ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇಷ್ಟುದ್ದ ಹೇಳ್ಬೇಕಾದ್ರೆ ಸುಳ್ಳೇ ಇರಬೇಕು" ಎಂದಳು. ಅಂದಿನಿಂದ ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ. ಹೋಳಿಗೆ ಮಾಡಿದ ದಿನ ನನ್ನ ತಟ್ಟೆಗೆ ಬಂದದ್ದು ಹಾಗಲಕಾಯಿ ಪಲ್ಯ! ಪಕ್ಕದ ಮನೆಯವರು ನನ್ನನ್ನು ಕಂಡರೆ ದನಿ ತಗ್ಗಿಸಿ ಮಾತಾಡತೊಡಗಿದರು.

ಸಂಸಾರದ ಶಾಂತಿಗಾಗಿ ನಾನೊಂದು ಉಪಾಯ ಮಾಡಿದೆ. ಬಾಟಲಿಯನ್ನು ಕಾಲೇಜಿಗೆ ಸಾಗಿಸಿದೆನೆಂದು ಹೇಳಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಮೇಲಿನ ಐಸ್ ಗೂಡಿನ ಮೂಲೆಗೆ ತಳ್ಳಿದೆ. ಔಷಧಿಗೆ ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬುದು ನನ್ನ ಸಿದ್ಧಾಂತ.

ಆ ವಾರ ಟಿ. ನರಸೀಪುರದಿಂದ ನಮ್ಮತ್ತೆ ನಿಂಗಮ್ಮನವರು ಕಣ್ಣು ತೋರಿಸಲು ಬಂದು ಮೂರು ದಿನ ಇದ್ದು ಹೋದರು. ಅವರಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು.

ಅವರು ಹೋದ ಮರುದಿನ ಕಪಿಲಾ ದಡದಿಂದ ಮೊಟ್ಟೆ ತುಂಬಿದ ಗೆಂಡೆ ಮೀನು ತಂದೆ. ಕಲ್ಲಾಗಿದ್ದ ಬಾಟಲಿಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಕರಗಿಸಿದೆ. ಕಾಲೇಜಿನ ಲ್ಯಾಬಿನಲ್ಲಿ ಒಂದು ತಟ್ಟೆಯ ಮೊಟ್ಟೆಗಳಿಗೆ ಇನ್ಸುಲಿನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಹಾಕಿದೆ. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಎರಡೂ ತಟ್ಟೆ ಅವಳಿ ಮಕ್ಕಳ ಹಾಗಿದ್ದವು! ಒಂದು ಮೊಟ್ಟೆಯೂ ಹಣ್ಣಾಗಿರಲಿಲ್ಲ.

ಮೊಟ್ಟೆಯ ಕಾಲ ಮುಗಿಯಲು ಎರಡೇ ವಾರ ಉಳಿದಿತ್ತು. ತಪ್ಪಿದರೆ ಮುಂದಿನ ವರ್ಷ. ಮೈಸೂರಿನ ನನ್ನ ಗೈಡ್ ಅಷ್ಟು ದಿನ ಕಾಯುವ ಜಾತಿಯವರಲ್ಲ.

ಮೊದಲು ಮೀನು ಮಾರಿದವಳ ಮೇಲೆ ಅನುಮಾನ ಬಂತು. ಆಮೇಲೆ ಲ್ಯಾಬಿನ ಅಟೆಂಡರ್ ಮೇಲೆ. ಕೊನೆಗೆ ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಿಳಿಯಾಗಿದ್ದ ಔಷಧಿಯಲ್ಲಿ ಬಿಳಿಯ ಚೂರುಗಳು ತೇಲುತ್ತಿದ್ದವು. ಯಾರೋ ಇನ್ಸುಲಿನ್ ತೆಗೆದು ನಲ್ಲಿನೀರು ತುಂಬಿದ್ದಾರೆ! ನಮ್ಮ ಮನೆಯಲ್ಲಿ ಇನ್ಸುಲಿನ್ ಬೇಕಾಗಿದ್ದವರು ಯಾರು? ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ಭಾನುವಾರವೇ ನರಸೀಪುರದ ಬಸ್ಸು ಹತ್ತಿದೆ. ನನ್ನ ಮುಖ ನೋಡಿ ಅನುಮಾನಗೊಂಡ ಸುಶೀಲಳೂ ಹತ್ತಿದಳು.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಅತ್ತೆ, ನಮ್ಮನೇಲಿದ್ದಾಗ ಯಾವ ಬಾಟ್ಲಿಯಿಂದ ಇಂಜೆಕ್ಷನ್ ತಗೊಂಡ್ರಿ?"

"ನನ್ ಬಾಟ್ಲಿಯಿಂದ್ಲೇ ಅಳಿಯಂದ್ರೆ. ಯಾಕೆ?"

"ನನ್ನ ಬಾಟ್ಲಿಗೆ ಯಾರೋ ನೀರು ಸೇರಿಸಿದ್ದಾರೆ."

ಸುಶೀಲ ಸಿಡಿದಳು. "ನಮ್ಮವ್ವನ್ನ ಕಳ್ಳಿ ಅಂತೀರಾ? ಬಾಟ್ಲಿ ಕಾಲೇಜ್‌ನಲ್ಲಿ ಅದೆ ಅಂದ್ರಿ?"

ಅಷ್ಟರಲ್ಲಿ ಅತ್ತೆ, ಸಾಕ್ಷಿಗೆಂದು ನಾನು ತಂದಿದ್ದ ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದರು.

"ಇದ್ನ ಎಲ್ಲಿ ಮಡಗಿದ್ರಿ?"

"ಫ್ರಿಜ್ಜಲ್ಲಿ."

"ಫ್ರಿಜ್ಜಲ್ಲಿ ಎಲ್ಲಿ?"

ನನ್ನ ದನಿ ಇಳಿಯಿತು. "ಮೇಲೆ... ಐಸ್ ಆಗೋ ಕಡೆ."

"ಅಯ್ಯೋ ಸಿವನೇ! ಗಡ್ಡೆ ಕಟ್ಟುದ್ರೆ ಈ ಔಸ್ತಿ ಕೆಟ್ಟೋಯ್ತದೆ ಕಣಪ್ಪಾ. ಆಸ್ಪತ್ರೆ ನರ್ಸಮ್ಮ ಮೊದಲ್ನೇ ದಿನ್ವೇ ಯೋಳುದ್ರು. ನಿಮ್ಗೆ ಕಾಲೇಜಲ್ಲಿ ಯಾರೂ ಯೋಳ್ನಿಲ್ವಾ?"

ಸುಶೀಲ ಬಾಟಲಿ ಕಿತ್ತುಕೊಂಡು ಚೀಟಿಯ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಫ್ರೀಜ್ ಮಾಡಬಾರದು ಅಂತ ಇಲ್ಲೇ ಬರ್ದವ್ರೆ, ಪ್ರೊಫೆಸರೇ!"

ನನಗೆ ಅವರೆಕಾಯಿ ಸಿಪ್ಪೆಯ ರಾಶಿಯೊಳಗೆ ಹೂತುಕೊಳ್ಳಬೇಕೆನಿಸಿತು. ಔಷಧಿ ಮೀನಿಗೆಂದು ತಂದದ್ದೆಂದು ಹೇಳಿ ಕ್ಷಮೆ ಕೇಳಿದೆ. ಅತ್ತೆಗೆ ಕೋಪವೇನೂ ಬಂದಿರಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ತಂಪಿಗೆಂದು ಒದ್ದೆ ಮರಳಿನ ಮಡಕೆಯಲ್ಲಿ ತಮ್ಮ ಬಾಟಲಿ ಇಟ್ಟಿದ್ದನ್ನು ತೋರಿಸಿದರು. ಆಮೇಲೆ ಬಹಳ ಕಾಳಜಿಯಿಂದ ಕೇಳಿದರು:

"ಮೀನ್ಗೆ ಊಟಕ್ ಮುಂಚೆ ಆಕ್ತೀರಾ, ಆದ್ಮೇಲಾ?"

ಹೊಸ ಬಾಟಲಿ ತಂದು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು, ಮುಂದಿನ ವಾರ ಮತ್ತೆ ಪ್ರಯೋಗ ಮಾಡಿದೆ. ಇನ್ಸುಲಿನ್ ತಟ್ಟೆಯ ಮುಕ್ಕಾಲು ಪಾಲು ಮೊಟ್ಟೆ ಹಣ್ಣಾದವು! ಕುಣಿಯುತ್ತ ಮೈಸೂರಿಗೆ ಹೋದೆ. ಗೈಡ್ ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಮೇಲೇರಿಸಿದರು.

"ಹೋದ ವಾರ ಸೊನ್ನೆ, ಈ ವಾರ ಇಷ್ಟು. ವಿಧಾನದಲ್ಲಿ ಏನ್ರೀ ಬದಲಾಯಿಸಿದ್ರಿ?"

"ಒಬ್ಬ ತಜ್ಞರ ಮಾರ್ಗದರ್ಶನ ಪಡೆದೆ, ಸರ್."

"ಯಾವ ಯೂನಿವರ್ಸಿಟಿಯವರು?"

"ಟಿ. ನರಸೀಪುರ, ಸರ್."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಆ ಪ್ರಯೋಗವನ್ನು ತಮ್ಮ ಕಣ್ಣೆದುರೇ ಇನ್ನೊಮ್ಮೆ ಮಾಡಿಸಿದರು.