ಶಾಕ್ ಎಷ್ಟು ಹೊತ್ತು ತಗೋಬೇಕು, ಮೇಡಂ?

ಡಾಕ್ಟರು ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಬೆನ್ನುನೋವಿನ ಕಥೆ ತೆಗೆಯುತ್ತಾರಂತೆ. ನಾನು ಕೂತರೆ ಕರೆಂಟಿನ ಕಥೆ. ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ ಯಾರಾದರೊಬ್ಬರು ನನ್ನ ಕಡೆ ವಾಲಿ, “ಮೇಡಂ, ಫ್ಯಾನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲ್ಲ, ಅದಕ್ಕೂ ಮೀಟರ್ ಓಡುತ್ತಾ?” ಎಂದು ಕೇಳಿಯೇ ಕೇಳುತ್ತಾರೆ. ನಾನು ವಿದ್ಯುತ್ ಶಾಖೆಯ ಎಂಜಿನಿಯರು. ಬೇಲೂರು, ಹಳೇಬೀಡು, ಅರಸೀಕೆರೆ ಅಂತ ಇಲ್ಲಿಲ್ಲೇ ವರ್ಗವಾಗುತ್ತಾ ಬಂದವಳು. ಊರು ಬದಲಾಗುತ್ತದೆ, ಪ್ರಶ್ನೆಗಳು ಬದಲಾಗುವುದಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ನಮ್ಮ ಕೆಲಸದಲ್ಲಿ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಕೋಪ ಬರುತ್ತದೆ, ನಗು ಬರುವುದು ಕಟ್ಟಕಡೆಗೆ. ಆ ನಗು ಬರಬೇಕಾದರೆ ಎಲ್ಲರೂ ಜೀವಂತವಾಗಿ ಉಳಿದಿರಬೇಕು. ಕೆಳಗಿನ ಪ್ರಸಂಗಗಳಲ್ಲಿ ಎಲ್ಲರೂ ಉಳಿದಿದ್ದಾರೆ. ಹಾಗಾಗಿ ಧೈರ್ಯವಾಗಿ ಹೇಳಬಹುದು.

ಇವೆಲ್ಲದರಲ್ಲೂ ನನ್ನ ಜೊತೆಗಿದ್ದವರು ನಮ್ಮ ಲೈನ್‌ಮ್ಯಾನ್. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಎಲ್ಲಿಗೆ ವರ್ಗವಾದರೂ ಹೇಗೋ ಮಾಡಿ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದುಬಿಡುತ್ತಾರೆ. ಯಾಕೆ ಅಂದರೆ, “ನೀವು ಬೈಯೋದು ರೂಢಿ ಆಗೋಗೈತೆ ಮೇಡಂ. ಹೊಸಬ್ರ ಹತ್ರ ಮತ್ತೆ ಮೊದ್ಲಿಂದ ಶುರು ಮಾಡ್ಬೇಕು” ಅನ್ನುತ್ತಾರೆ.

ಹಕ್ಕಿಯ ಕಾಲು

ಬಸ್ತಿಹಳ್ಳಿಯ ಶಾಲೆಯ ಜಗಲಿಯಲ್ಲಿ ವಿದ್ಯುತ್ ಸುರಕ್ಷತೆಯ ಸಭೆ ಇಟ್ಟುಕೊಂಡಿದ್ದೆವು. ಸಾಮಾನ್ಯವಾಗಿ ಇಂಥ ಸಭೆಗೆ ಮೇಷ್ಟ್ರು ಮತ್ತು ಅಡುಗೆಯಾಕೆ ಬಿಟ್ಟರೆ ಇನ್ಯಾರೂ ಬರುವುದಿಲ್ಲ. ಅವತ್ತು ಊರಿಗೆ ಊರೇ ಬಂದಿತ್ತು. ಕಾರಣ ಸುಲಭ. ಕಂಬದ ಕೆಲಸಕ್ಕೆಂದು ಲೈನ್ ತೆಗೆಸಿ ಊರಿಗೆಲ್ಲ ಕರೆಂಟು ನಿಲ್ಲಿಸಿದ್ದೆವು, ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತು, ಮನೆಯಲ್ಲಿ ಕೂತು ಮಾಡುವುದೇನೂ ಇರಲಿಲ್ಲ.

ನಾನು ಹುರುಪಿನಿಂದ ಮಾತಾಡಿದೆ. ಮುಗಿದ ಮೇಲೆ ಒಬ್ಬ ಯಜಮಾನರು ಎದ್ದು ನಿಂತರು. “ಮೇಡಂ, ತಂತಿ ಮೇಲೆ ಹಕ್ಕಿ ಕೂರ್ತದಲ್ಲ, ಅದಕ್ಯಾಕೆ ಶಾಕ್ ಹೊಡೆಯಲ್ಲ?”

ಇಂಥ ಪ್ರಶ್ನೆ ಬಂದರೆ ನನಗೆ ಹಬ್ಬ. “ಕರೆಂಟಿಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗೋಕೆ ದಾರಿ ಬೇಕು. ಹಕ್ಕಿ ಎರಡು ಕಾಲನ್ನೂ ಒಂದೇ ತಂತಿ ಮೇಲೆ ಇಟ್ಟಿರುತ್ತೆ. ನೆಲ ಮುಟ್ಟಿರಲ್ಲ, ಕಂಬ ಮುಟ್ಟಿರಲ್ಲ, ಇನ್ನೊಂದು ತಂತಿನೂ ಮುಟ್ಟಿರಲ್ಲ. ಮುಂದಕ್ಕೆ ದಾರಿನೇ ಇಲ್ಲದ ಮೇಲೆ ಅದರ ಮೈಯೊಳಗೆ ಕರೆಂಟ್ ಯಾಕೆ ಹೋಗುತ್ತೆ ಹೇಳಿ?”

ಯಜಮಾನರು ತಲೆದೂಗಿದರು. “ಅಂದ್ರೆ ನೆಲ ಮುಟ್ಟದಂಗೆ ಒಂದೇ ತಂತಿ ಮೇಲೆ ಕುಂತ್ರೆ ಏನೂ ಆಗಲ್ಲ.”

“ಹಕ್ಕಿಗೆ ಏನೂ ಆಗಲ್ಲ.”

ಅವರು ನನ್ನ ಪಕ್ಕ ನಿಂತಿದ್ದ ಲೈನ್‌ಮ್ಯಾನರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. “ಹಂಗಾದ್ರೆ ಲೈನ್ ಯಾಕೆ ತೆಗ್ಸಿದ್ರಿ ಮೇಡಂ? ಇವ್ರೂ ಹಂಗೇ ಕುಂತ್ಕಂಡು ರಿಪೇರಿ ಮಾಡ್ಲಿ. ಅಲ್ಲಿ ಕೊನೇ ಓವರ್ ನಡೀತಾ ಐತೆ.”

ನನ್ನ ಇಡೀ ಭಾಷಣಕ್ಕೆ ಬೀಳದಿದ್ದ ಚಪ್ಪಾಳೆ ಆ ಮಾತಿಗೆ ಬಿತ್ತು. ವಾಪಸ್ ಬರುವಾಗ ಲೈನ್‌ಮ್ಯಾನ್ ಕಂಬ ಹತ್ತಿಳಿದು ಸವೆದ ತಮ್ಮ ಎಡಮಂಡಿಯನ್ನು ತಿಕ್ಕಿಕೊಳ್ಳುತ್ತಾ ಹೇಳಿದರು: “ಇನ್ಮೇಲೆ ಹಕ್ಕಿ ವಿಷ್ಯ ಎತ್ತಬೇಡಿ ಮೇಡಂ. ಜನ ನನ್ ಕಾಲು ನೋಡ್ತಾ ಅವ್ರೆ.”

ಆರು ತೂತು

ಬೇಲೂರಿನಲ್ಲಿ ಒಂದು ಬೇಕರಿ. ಸಂಜೆ ಪಫ್ಸ್ ಬಿಸಿ ಮಾಡುವ ಹೊತ್ತಿಗೆ ಸರಿಯಾಗಿ ಅಲ್ಲಿ ಕರೆಂಟು ಹೋಗುತ್ತಿತ್ತು, ಸರಿಯಾಗಿ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಹೋಗಿ ನೋಡಿದೆ. ಗೋಡೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು. ಅದರಲ್ಲಿ ಫ್ರಿಜ್ಜು, ಓವನ್ನು, ಮಿಕ್ಸಿ, ಬೋರ್ಡಿನ ಬಣ್ಣದ ದೀಪ, ದೇವರ ಫೋಟೋದ ದೀಪ, ಮಾಲೀಕರ ಮೊಬೈಲು.

“ಇಷ್ಟೆಲ್ಲ ಒಂದಕ್ಕೇ ಹಾಕಬಾರದು ಕಣ್ರೀ.”

“ಕಂಪನಿಯವರೇ ಆರು ತೂತು ಕೊಟ್ಟಿದಾರಲ್ಲ ಮೇಡಂ. ಒಂದು ಖಾಲಿ ಬಿಟ್ರೂ ವೇಸ್ಟು.”

ಲೋಡು ಅಂದರೇನು ಎಂದು ಉದಾಹರಣೆ ಕೊಟ್ಟು ಹೇಳೋಣ ಅಂದುಕೊಂಡೆ. “ನೋಡಿ, ಬಸ್ಸಿಗೆ ಇಂತಿಷ್ಟೇ ಸೀಟು ಇರುತ್ತೆ. ಸಂಜೆ ಹಾಸನದ ಬಸ್ಸಿಗೆ ಎಷ್ಟು ಜನ ಹತ್ತಬಹುದು?”

“ಎಷ್ಟು ಜನ ಬೇಕಾದ್ರೂ ಹತ್ತಬಹುದು ಮೇಡಂ,” ಅಂದರು ಆ ಮನುಷ್ಯ, ನನ್ನ ಪ್ರಶ್ನೆಗೇ ಆಶ್ಚರ್ಯಪಟ್ಟು. ನಾನು ಬಸ್ಸನ್ನು ಅಲ್ಲಿಗೇ ಬಿಟ್ಟು ಫ್ಯೂಸಿಗೆ ಬಂದೆ. ಡಬ್ಬಿ ಬಿಚ್ಚಿದರೆ ಒಳಗೆ ಫ್ಯೂಸ್ ತಂತಿ ಇಲ್ಲ, ಬೇಲಿ ಕಟ್ಟುವ ತಂತಿ ಇದೆ.

“ಮೊದಲು ದಿನಾ ಫ್ಯೂಸ್ ಹೋಗ್ತಿತ್ತು ಮೇಡಂ. ಈಗ ನೋಡಿ, ಗಟ್ಟಿಯಾಗಿ ಹಾಕಿದೀನಿ. ನಮ್ಮದು ಹೋಗಲ್ಲ, ನಿಮ್ಮ ಕಂಬದ್ದು ಹೋಗುತ್ತೆ ಅಷ್ಟೆ.”

ನಾನು ಕೂಗಾಡಿದೆ. ಲೋಡ್ ಜಾಸ್ತಿಯಾದರೆ ತಾನು ಸುಟ್ಟುಹೋಗಿ ಅಂಗಡಿಯನ್ನು ಉಳಿಸಲಿ ಅಂತಲೇ ಫ್ಯೂಸ್ ಇರುವುದು, ಅದು ಹೋಗಲೇಬೇಕು, ಹೋಗದಿದ್ದರೆ ಗೋಡೆಯೊಳಗಿನ ವೈರು ಕಾದು ಬೆಂಕಿ ಹತ್ತುತ್ತದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಒಂದು ಬಿಸಿ ಪಫ್ಸ್ ಕೈಗಿಟ್ಟು ಕೇಳಿದರು: “ಹೋಗಲಿ ಅಂತಲೇ ಮಾಡಿರೋ ಸಾಮಾನನ್ನ ಯಾರಾದ್ರೂ ಅಂಗಡಿಗೆ ಹೋಗಿ ತರ್ತಾರಾ ಮೇಡಂ?”

ಓವನ್ನಿಗೆ ಬೇರೆ ಲೈನು ಎಳೆಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಪಫ್ಸ್ ಚೆನ್ನಾಗಿತ್ತು.

ಮಾದರಿ ರೈತ

ಅರಸೀಕೆರೆಗೆ ಬಂದ ಮೇಲೆ ನನಗೆ ತೆಂಗಿನ ತೋಟದ ಚಿಂತೆ ಹತ್ತಿಕೊಂಡಿತು. ಲೈನ್ ಪಕ್ಕದಲ್ಲೇ ಮರಗಳು. ಕಾಯಿ ಕೀಳುವವನು ಗರಿ ಕಡಿದರೆ ಹಸಿ ಗರಿ ತಂತಿಯ ಮೇಲೆ ಬೀಳುತ್ತದೆ. ಮರ ಹತ್ತುವ ಮುಂಚೆ ಒಂದು ಫೋನ್ ಮಾಡಿ, ಲೈನ್ ತೆಗೆದುಕೊಡುತ್ತೇವೆ ಎಂದು ಗಂಟಲು ಹರಿಯುವಷ್ಟು ಹೇಳಿದ್ದೆ. ಯಾರೂ ಮಾಡುತ್ತಿರಲಿಲ್ಲ.

ಒಬ್ಬರು ಮಾಡಿದರು. “ಮೇಡಂ, ಕಾಯಿ ಕೀಳಿಸ್ತಾ ಇದೀನಿ, ಸ್ವಲ್ಪ ಕರೆಂಟ್ ತೆಗೀತೀರಾ?” ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಕ್ಷಣ ತೆಗೆಸಿದೆ. ಮುಂದಿನ ಕಾಯಿ ಕೀಳುವಾಗಲೂ ಮಾಡಿದರು, ಅದರ ಮುಂದಿನದಕ್ಕೂ ಮಾಡಿದರು. ಹಳ್ಳಿಯ ಸಭೆಯಲ್ಲಿ ಅವರನ್ನು ಮುಂದೆ ಕರೆದು ಹಾರ ಹಾಕಿಸಿ, “ಇವರನ್ನು ನೋಡಿ ಕಲೀರಿ. ಕೆಲಸದವನ ಜೀವದ ಮೇಲೆ ಇವರಿಗೆ ಎಷ್ಟು ಕಾಳಜಿ! ನೀವೇ ಎರಡು ಮಾತು ಹೇಳಿ” ಎಂದು ಮೈಕ್ ಕೊಟ್ಟೆ.

ಅವರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು. “ಏನಿಲ್ಲ ಮೇಡಂ. ನಮ್ಮ ಮನೆ ಪಕ್ಕದ ಮರ ಹತ್ತಿದ್ರೆ ಆ ಮಹರಾಯ ಅಲ್ಲೇ ಸುಳೀಲಿ ಕುಂತ್ಕಂಡು ನಮ್ ವೈಫೈಲಿ ಮೊಬೈಲ್ ನೋಡ್ತಾನೆ. ಇಳಿಯೋದೇ ಇಲ್ಲ. ಕರೆಂಟ್ ಹೋದ್ರೆ ವೈಫೈ ಹೋಗ್ತದೆ, ಕೆಲ್ಸ ಬೇಗ ಮುಗೀತದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಆದರೆ ಮಾರನೆಯ ದಿನದಿಂದ ಮೂರು ತೋಟದವರು ಫೋನ್ ಮಾಡತೊಡಗಿದರು. ಯಾಕೆ ಎಂದು ನಾನೂ ಕೇಳಲಿಲ್ಲ.

ಔಷಧಿ ನಲ್ಲಿ

ಇದು ಜಾವಗಲ್ ಕಡೆಯದು. ಬೆಳಗ್ಗೆ ಆಗಷ್ಟೇ ಆಫೀಸಿನಲ್ಲಿ ಕೂತಿದ್ದೆ. ಒಬ್ಬ ಹೆಣ್ಣುಮಗಳ ಫೋನು. ತಗ್ಗಿದ ದನಿ.

“ಮೇಡಂ, ಒಂದು ವಿಷ್ಯ ಕೇಳ್ಬೇಕಿತ್ತು. ಶಾಕ್ ಎಷ್ಟು ಹೊತ್ತು ತಗೊಂಡ್ರೆ ಒಳ್ಳೇದು?”

ನಾನು ಕುರ್ಚಿಯಿಂದ ಎದ್ದೆ. “ಏನಂದೆ?”

“ಮಂಡಿ ನೋವಿಗೆ ಮೇಡಂ. ನಮ್ಮ ಬೋರ್ ಮೋಟಾರ್ ಹಾಕಿದಾಗ ಅಂಗಳದ ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ. ನಮ್ಮತ್ತೆ ದಿನಾ ಹಿಡ್ಕಂತಾರೆ. ನೋವು ಕಮ್ಮಿ ಆಗೈತಂತೆ. ಈಗ ಬೀದಿಯೋರೆಲ್ಲ ಬತ್ತಾ ಅವ್ರೆ. ನಂಗ್ಯಾಕೋ ಭಯ ಆಗ್ತೈತೆ.”

“ಮೊದಲು ಮೋಟಾರ್ ಆಫ್ ಮಾಡಮ್ಮ! ಆ ನಲ್ಲಿ ಹತ್ತಿರ ಯಾರೂ ಹೋಗಕೂಡದು!”

“ಆಫ್ ಮಾಡಿದ್ರೆ ಅತ್ತೆ ಮತ್ತೆ ಹಾಕ್ತಾರೆ ಮೇಡಂ. ಇನ್ನೂ ನಾಕು ಜನ ಕಾಯ್ತಾ ಅವ್ರೆ.”

ಲೈನ್‌ಮ್ಯಾನರ ಬೈಕಿನ ಹಿಂದೆ ಕೂತು ಹೊರಟೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಮೋಟಾರಿನ ಕರೆಂಟು ಪೈಪಿಗೆ ಸೋರುತ್ತಿದೆ, ಅರ್ಥಿಂಗ್ ಇಲ್ಲ, ಒದ್ದೆ ನೆಲ, ಬರಿಗಾಲು. ಇವತ್ತು ಜುಮ್ ಅನ್ನುವುದು ನಾಳೆ ಹಿಡಿದುಕೊಂಡು ಬಿಡದೇ ಹೋಗಲು ಹೆಚ್ಚೇನೂ ಬೇಕಾಗಿಲ್ಲ.

ಹೋಗಿ ನೋಡಿದರೆ ಜಗಲಿಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದಾರೆ, ನೆಪಕ್ಕೆ ಒಂದೊಂದು ಕೊಡ ಇಟ್ಟುಕೊಂಡು. ನಲ್ಲಿಯ ಪಕ್ಕ ಮಣೆ ಹಾಕಿಕೊಂಡು ಫೋನ್ ಮಾಡಿದವಳ ಅತ್ತೆ, ಒಬ್ಬ ಅಜ್ಜಿ, ವೈದ್ಯರ ಗತ್ತಿನಲ್ಲಿ ಕೂತಿದ್ದಾರೆ. “ಎಡಗಾಲು ನೋವಿಗೆ ಎಡಗೈ. ಚಪ್ಲಿ ಬಿಟ್ಟು ಬಾರೇ, ಚಪ್ಲಿ ಇದ್ರೆ ಪವರ್ ಇಳಿಯಾಕಿಲ್ಲ.”

ಸರ್ಕ್ಯೂಟಿನ ಪಾಠವನ್ನು ಇಷ್ಟು ಸರಿಯಾಗಿ, ಇಷ್ಟು ಅಪಾಯಕ್ಕೆ ಬಳಸಿದವರನ್ನು ನಾನು ಬೇರೆ ಕಂಡಿಲ್ಲ. ಎಲ್ಲರನ್ನೂ ದೂರ ಸರಿಸಿದೆ. ಲೈನ್‌ಮ್ಯಾನ್ ನಲ್ಲಿಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರಿನ ದೀಪ ಝಗ್ಗನೆ ಹತ್ತಿಕೊಂಡಿತು. ಹೆದರುತ್ತಾರೆ ಎಂದುಕೊಂಡರೆ, ಅಜ್ಜಿ ಸಾಲಿನವರ ಕಡೆ ತಿರುಗಿ, “ನೋಡ್ರೇ! ನಾನೇನ್ ಸುಳ್ಳು ಹೇಳಿದ್ನಾ ಶಕ್ತಿ ಐತೆ ಅಂತ?” ಅಂದರು.

ನಾನು ಮೋಟಾರ್ ನಿಲ್ಲಿಸಿ, ಫ್ಯೂಸ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ.

“ಯಾಕವ್ವಾ ತಗಂಡೆ? ಆಸ್ಪತ್ರೇಲೂ ಮಂಡಿಗೆ ಪಟ್ಟಿ ಅಂಟ್ಸಿ ಇಂಗೇ ಜುಮ್ ಅನ್ನಿಸ್ತಾರೆ.”

“ಅಲ್ಲಿ ಅಳತೆ ಇರುತ್ತೆ ಅಜ್ಜಿ, ಡಾಕ್ಟರು ಇರ್ತಾರೆ. ಇದಕ್ಕೆ ಅಳತೆ ಯಾರು ಇಟ್ಟಿದಾರೆ? ಒಂದು ದಿನ ಕೈ ಅಂಟಿಕೊಂಡರೆ ಬಿಡಿಸೋಕೆ ಹೋದವರೂ ಹೋಗ್ತಾರೆ!” ನನ್ನ ದನಿ ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

ಅಜ್ಜಿ ಜಗ್ಗಲಿಲ್ಲ. ಜಗ್ಗಿಸಿದ್ದು ಸೊಸೆ. ಬಾಗಿಲಲ್ಲಿ ನಿಂತು ಅಳುತ್ತಾ ಅಂದಳು: “ನಾನೇ ಫೋನ್ ಮಾಡಿದ್ದು ಅತ್ತೆ. ಬೈಯಿರಿ. ನೀವು ಇದ್ರೆ ತಾನೇ ಬೈಯಾಕೆ?”

ಅಜ್ಜಿ ಅವಳನ್ನು ನೋಡಿದರು, ನಲ್ಲಿಯನ್ನು ನೋಡಿದರು, ಮಣೆ ಎತ್ತಿಕೊಂಡು ಒಳಗೆ ಹೋದರು.

ಆ ವಾರದಲ್ಲೇ ಅಜ್ಜಿಯ ಮಗ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸಿ ಮೋಟಾರ್ ಸರಿಮಾಡಿಸಿದ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಪೈಪ್ ನೆಟ್ಟು ಅರ್ಥಿಂಗ್ ಮಾಡಿಸಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಟ್ರಿಪ್ ಸ್ವಿಚ್ಚೂ ಬಂತು. ನಾನೇ ನಿಂತು ಅಜ್ಜಿಗೆ ವಿವರಿಸಿದೆ. “ಇನ್ನು ಮೇಲೆ ಸೋರಿದ ಕರೆಂಟು ನಿಮ್ಮ ಮೈಯೊಳಗೆ ಬರಲ್ಲ, ಈ ತಂತಿಯಲ್ಲಿ ಭೂಮಿಗೆ ಇಳಿದುಹೋಗುತ್ತೆ. ಗುಂಡಿ ಒಣಗಬಾರದು, ಆಗಾಗ ನೀರು ಹಾಕ್ತಿರಿ. ಪೈಪ್ ಮಾತ್ರ ಮುಟ್ಟಬೇಡಿ.” ಅಜ್ಜಿ ಗುಂಡಿಯನ್ನೇ ನೋಡುತ್ತಾ ಕೇಳಿಸಿಕೊಂಡರು. ಬೀದಿಯ ಹೆಂಗಸರು ಮಾತ್ರ, ನಾನು ಹೋಗುವಾಗ ಕೇಳಲಿ ಅಂತಲೇ, “ಔಷಧಿ ನಲ್ಲಿ ಕೆಡಿಸಿದ ಮೇಡಮ್ಮ” ಎಂದು ನನ್ನ ಬೆನ್ನಿಗೆ ಹೇಳಿದರು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬೇಸಿಗೆ ಬಂತು. ಈ ಸೀಮೆಯಲ್ಲಿ ನೆಲ ಬಿರುಕುಬಿಡುವ ಕಾಲ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಂದರೆ ಯಾರೂ ಹಾಕುವುದಿಲ್ಲ, ನಮ್ಮ ಆಫೀಸಿನದೇ ಒಣಗಿ ನಿಂತಿತ್ತು. ಅಜ್ಜಿಯ ಮನೆಯದು ಹೇಗಿದೆಯೋ ಎಂದು ಹೆದರಿಕೊಂಡೇ ಲೈನ್‌ಮ್ಯಾನರೊಡನೆ ಹೋದೆ.

ಬೀದಿಗೆ ತಿರುಗುತ್ತಲೇ ಬೈಕು ಗಕ್ಕನೆ ನಿಂತಿತು. “ಮೇಡಂ,” ಅಂದರು ಲೈನ್‌ಮ್ಯಾನ್, “ಮತ್ತೆ ಸಾಲು.”

ಓಡಿದೆ. ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಆದರೆ ನಲ್ಲಿಯ ಹತ್ತಿರ ಅಲ್ಲ, ಅರ್ಥಿಂಗ್ ಗುಂಡಿಯ ಹತ್ತಿರ. ಒಬ್ಬೊಬ್ಬರೂ ಒಂದು ಚೊಂಬು ನೀರನ್ನು ಮಂಡಿಯಿಂದ ಕೆಳಕ್ಕೆ ಸುರಿದುಕೊಳ್ಳುತ್ತಿದ್ದರು, ನೀರು ಹರಿದು ಗುಂಡಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಅದೇ ಮಣೆ, ಅದೇ ಅಜ್ಜಿ. “ಪೈಪ್ ಮುಟ್ಬೇಡ್ರೇ, ಅದು ಮಡಿ!”

“ಇದೇನು ಅಜ್ಜಿ?”

“ನೀನೇ ಯೋಳಿದ್ಯಲ್ಲವ್ವಾ, ಎಲ್ಲಾನೂ ಭೂಮಿಗೆ ಇಳಿದೋಗ್ತೈತೆ ಅಂತ. ಕರೆಂಟೇ ಇಳೀತೈತೆ ಅಂದ್ಮೇಲೆ ಮಂಡಿ ನೋವು ಇಳಿಯಾಕಿಲ್ವಾ?”

ಸರಿಮಾಡಿ ಹೇಳಲೆಂದು ಬಾಯಿ ತೆರೆದೆ. ಸೊಸೆ ಅಡುಗೆಮನೆಯ ಕಿಟಕಿಯಿಂದ ಬೇಡ ಎಂಬಂತೆ ತಲೆಯಾಡಿಸಿದಳು, ನಗುತ್ತಿದ್ದಳು. ಟ್ರಿಪ್ ಸ್ವಿಚ್ಚಿನ ಟೆಸ್ಟ್ ಬಟನ್ ಒತ್ತಿದೆ, ಟಕ್ಕನೆ ಬಿತ್ತು. ಅದನ್ನು ಮತ್ತೆ ಎತ್ತಿ, ಮೋಟಾರ್ ಹಾಕಿ ನಲ್ಲಿಗೆ ಟೆಸ್ಟರ್ ಇಟ್ಟರೆ ದೀಪ ಇಲ್ಲ. ಲೈನ್‌ಮ್ಯಾನ್ ಅರ್ಥಿಂಗ್ ಅಳೆದು, ನಮ್ಮ ಶಾಖೆಯಲ್ಲೇ ಇಂಥ ಒಳ್ಳೆಯ ಅರ್ಥಿಂಗ್ ನೋಡಿಲ್ಲ ಅಂದರು. ನಾನು ಬಾಯಿ ಮುಚ್ಚಿದೆ. ಕೆಲಸಕ್ಕೆ ಸೇರಿದ ಮೇಲೆ ಅಷ್ಟು ನೆಮ್ಮದಿಯಾಗಿ ನಾನು ಎಂದೂ ಬಾಯಿ ಮುಚ್ಚಿರಲಿಲ್ಲ.

ಮಜ್ಜಿಗೆ ಕುಡಿದು ಹೊರಟೆವು. ಬೀದಿಯ ತಿರುವಿನಲ್ಲಿ ಲೈನ್‌ಮ್ಯಾನ್ ಬೈಕ್ ನಿಲ್ಲಿಸಿದರು. ಹಿಂದಕ್ಕೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಎಡಮಂಡಿಯನ್ನು ತಿಕ್ಕಿಕೊಂಡರು.

“ಮೇಡಂ, ತಪ್ಪು ತಿಳ್ಕೊಬೇಡಿ. ಒಂದೇ ಒಂದು ಚೊಂಬು ಹುಯ್ಕಂಡು ಬಂದ್ಬಿಡ್ತೀನಿ, ಗಾಡಿ ಹಿಡ್ಕಂಡಿರ್ತೀರಾ?”

ನಾನು ಗಾಡಿ ಹಿಡಿದುಕೊಂಡು ನಿಂತೆ.