ಯಾರ ಕೈ ಅಳ್ಳಾಡಿತು

ಕಬನೂರಿನ ನಮ್ಮ ಮನ್ಯಾಗ ನಾ ಕ್ಯಾಮೆರಾದ ರೀಲು ತೊಳಿಯಾಕ ನಿಂತೆ ಅಂದ್ರ ಏನರ ಒಂದು ಆಗೇ ಆಗ್ತದ. ಎಲ್ಲಾರೂ ಮೊಬೈಲಿನಾಗ ಫೋಟೋ ತಗಿಯೋ ಈ ಕಾಲದಾಗ ನನಗ ಕಪ್ಪು-ಬಿಳಿ ರೀಲಿನ ಹುಚ್ಚು. ಕೆಲಸ ಇಷ್ಟ: ಬೆಳಕು ಹೋಗದಂಥ ಡಬ್ಬಿಯೊಳಗ ರೀಲು ಹಾಕಿ, ಔಷಧದ ನೀರು ಸುರುವಿ, ನಿಮಿಷಕ್ಕೊಮ್ಮೆ ಮೆತ್ತಗ ಬೋರಲು ಮಾಡಿ ಎತ್ತೋದು, ಉಳಿದ ಹೊತ್ತು ಸುಮ್ಮನ ಇಡೋದು. ಆ ‘ಮೆತ್ತಗ’ ಅನ್ನೋದ ನನಗ ಬರತಿರಲಿಲ್ಲ.

ಮಾವನೋರ ಪ್ರಭೆ

ಮೊದಲನೇ ರೀಲು ಗಡಹಿಂಗ್ಲಜದ ನಮ್ಮ ಮಾವನೋರದು. ಹುರುಪಿನಾಗ ಡಬ್ಬಿನ ಮಜ್ಜಿಗಿ ಕಡದಂಗ ಅಳ್ಳಾಡಿಸಿಬಿಟ್ಟೆ. ಹಂಗ ಮಾಡಿದ್ರ ಫೋಟೋದ ಅಂಚಿಗೆ ಬಿಳಿ ಪಟ್ಟಿ ಬೀಳ್ತಾವ. ಮಾವನೋರ ತಲಿ ಮ್ಯಾಲ ಬೆಳಕು ಸುರದಂಗ ಬಂತು. ಅತ್ತಿಯೋರಿಗೆ ಭಾಳ ಖುಷಿ. ಫೋಟೋಕ್ಕ ಕಟ್ಟು ಹಾಕಿಸಿ, ದೇವರ ಜಗಲಿ ಮಗ್ಗಲಕ ಇಟ್ಟು ಊದಿನಕಡ್ಡಿ ಬೆಳಗಿದ್ರು.

ಮಾವನೋರು ನನ್ನ ಕಿವ್ಯಾಗ ಅಂದ್ರು, “ಅಳಿಯಂದ್ರ, ಲಗೂನ ಇನ್ನೊಂದು ತಗೀರಿ. ಇಕಿ ನಾಳೆ ಮಾಲಿನೂ ಹಾಕ್ತಾಳ. ನಾನಿನ್ನೂ ಗಟ್ಟಿ ಅದೀನಿ.”

ತೊಟ್ಟಿಲ

ಆಮ್ಯಾಲ ಬರೇ ನೀರು ತುಂಬಿದ ಡಬ್ಬಿ ಹಿಡಕೊಂಡು ಮೆತ್ತಗ ತಿರುವೋದು ರೂಢಿ ಮಾಡ್ಕೊಂಡೆ. ನನ್ನ ಹೆಂಡ್ತಿ ರೊಟ್ಟಿ ಬಡಿಯೋದು ಬಿಟ್ಟು ನೋಡಿದ್ಳು.

“ಅಲ್ರೀ, ಮಗಳು ತೊಟ್ಟಿಲದಾಗ ಅಳೋ ಮುಂದ ಹಿಂಗ ತೂಗಿದ್ರ ನಾನೂ ಒಂದ್ ಕಣ್ಣು ನಿದ್ದಿ ಮಾಡ್ತಿದ್ನೆಲ್ಲ.”

ಕಾಲೇಜಿಗೆ ಹೋಗೋ ಮಗಳು ಒಳಗಿಂದ ಕೂಗಿದ್ಳು, “ಈಗರ ಒಂದು ಹಾಡು ಹೇಳ್ರಿ ಅಪ್ಪಾ, ಡಬ್ಬಿಗೆ.”

ಅಪ್ಪನ ಪಾಳಿ

ನಮ್ಮಪ್ಪ ಜಲ್ಮೆಲ್ಲಾ ಮಗ್ಗದಾಗ ದುಡದಾವ್ರು. ಈಗ ಕೈ ನಡಗ್ತಾವ. ಒಮ್ಮೆ ಚಾದಂಗಡ್ಯಾಗ ಗೆಳ್ಯಾರ ಮುಂದ ಕಪ್ಪು ತುಳುಕಿ ಧೋತರದ ಮ್ಯಾಲೆಲ್ಲಾ ಚಾ ಬಿತ್ತು. ಅವತ್ತಿಂದ ಅಲ್ಲಿಗೆ ಹೋಗೋದ ಬಿಟ್ರು. ಕೇಳಿದ್ರ “ಚಾ ಪಿತ್ತ ಆಗ್ತದ” ಅಂತಾರ. ಹೊತ್ತು ಹೊಂಟ್ರ ಅಂಗಡಿ ಹಿಡಿಯೋ ಮನುಷ್ಯಾ ಕಟ್ಟಿ ಮ್ಯಾಲ ಒಬ್ಬರ ಕುಂತಿರೋದು ನೋಡಿ ನನಗ ಭಾಳ ಸಂಕಟ ಆಗ್ತಿತ್ತು.

ಹಂಗಾರ ಅವರದ ಒಂದು ಫೋಟೋ ಹೊಡಿಯೋಣಂತ ಹೊಡದೆ. ಆ ರೀಲು ತೊಳಿಯೋ ಮುಂದ ಬಂದು ಮಗ್ಗಲಕ ಕುಂತ್ರು.

“ಕೊಡಿಲ್ಲೆ. ಅಳ್ಳಾಡ್ಸೋದಂದ್ರ ನನ್ನ ಕೈ ಪುಕ್ಕಟ ಅಳ್ಳಾಡ್ತದ.”

ಡಬ್ಬಿ ಕೊಟ್ಟೆ. ಎರಡೂ ಕೈಲೆ ಹಿಡದು, ಎಳಿ ಕೂಸಿನ್ನ ಎತ್ತಿದಂಗ ಬೋರಲು ಮಾಡಿ ಎತ್ತಿದ್ರು.

“ಈಗ ಸುಮ್ಮನ ಹಿಡೀಬೇಕ್ರಿ ಅಪ್ಪಾ.”

“ಅದೊಂದ ಆಗಂಗಿಲ್ಲ. ಅದಕ್ಕ ನಿನ್ನ ಇಟ್ಕೊಂಡೇನಿ” ಅಂತ ಡಬ್ಬಿ ನನ್ನ ಕೈಗೆ ಕೊಟ್ರು. ಹಿಂಗ ಅಳ್ಳಾಡ್ಸೋದು ಅವರು, ಸುಮ್ಮನ ಹಿಡಿಯೋದು ನಾನು.

ರೀಲು ಒಣಗಿದ ಮ್ಯಾಲ ನೋಡಿದ್ರ ಒಂದು ಪಟ್ಟಿ ಇಲ್ಲ, ಒಂದು ಕಲಿ ಇಲ್ಲ. ತೊಳದದ್ದು ಬರೊಬ್ಬರಿ. ಪ್ರಿಂಟ್ ತಗಸಿದೆ. ಅಪ್ಪನ ಮಾರಿ ಎರಡಾಗಿತ್ತು, ಹಿಂದಿನ ಬಾಗಲಾನೂ ಎರಡಾಗಿತ್ತು. ಹೊಡಿಯೋ ಮುಂದ ನನ್ನ ಕೈನ ಅಳ್ಳಾಡಿತ್ತು.

ಅಪ್ಪ ಫೋಟೋ ಕಸ್ಕೊಂಡು, ಚಪ್ಪಲಿ ಮೆಟ್ಟಿ, ಸೀದಾ ಚಾದಂಗಡಿಗೆ ನಡದ್ರು. ನಾ ಹಿಂದಿಂದ ಹ್ವಾದೆ.

“ಕಾಯ್ ಕಾಕಾ, ಖೂಪ್ ದಿವಸಾನಿ?” ಮರಾಠ್ಯಾಗ ಅಂದ ಚಾದಾಂವ. ಭಾಳ ದಿನಕ್ಕ ಬಂದ್ರೆಲ್ಲ ಅಂತ.

ಅಪ್ಪ ಫೋಟೋ ಗೆಳ್ಯಾರ ಮುಂದ ಇಟ್ರು. “ಹೊಡದಾಂವ ನನ್ನ ಮಗಾ, ತೊಳದಾಂವ ನಾನು. ಈಗ ಹೇಳ್ರಿ, ಯಾರ ಕೈ ನಡಗ್ತದ?”

ಎಲ್ಲಾರೂ ನನ್ನ ಕೈ ನೋಡಾಕ ಹತ್ತಿದ್ರು. ಅಪ್ಪ ಆರಾಮ ಚಾ ಕುಡದ್ರು. ಅರ್ಧಾ ಬಶಿಗೆ ಬಿತ್ತು, ಯಾರೂ ನೋಡಲಿಲ್ಲ. ನನ್ನ ಕಣ್ಣಾಗ ನೀರು ಬಂತು.

ಅಷ್ಟರಾಗ ಚಾದಾಂವ ನನ್ನ ಮುಂದ ಅರ್ಧಾ ಕಪ್ಪು ತಂದಿಟ್ಟ. “ತುಳುಕಬಾರದಂತ ಕಮ್ಮಿ ಹಾಕೇನ್ರಿ” ಅಂದ.