ನಿಂತರೆ ನಡುಗುವ ಕಾರು

ಓಡುತ್ತಿರುವಷ್ಟು ಹೊತ್ತು ಚೆನ್ನಾಗಿದ್ದು, ನಿಂತ ತಕ್ಷಣ ನಡುಗುವ ಜೀವಗಳು ಲೋಕದಲ್ಲಿ ಕೆಲವಿವೆ. ನಾನು ಆ ಜಾತಿಯವನು. ಕಚೇರಿಯಲ್ಲಿ ಫೈಲುಗಳ ನಡುವೆ ಹೂತುಹೋಗಿರುವಾಗ ನನಗೆ ಯಾವ ಭಯವೂ ಇರುವುದಿಲ್ಲ. ಭಾನುವಾರ ಮಧ್ಯಾಹ್ನ ಉಂಡು ಸುಮ್ಮನೆ ಕೂತೆನೋ, ಇದ್ದ ಚಿಂತೆ ಇಲ್ಲದ ಚಿಂತೆಗಳೆಲ್ಲ ನೆಂಟರ ಹಾಗೆ ಒಂದರ ಹಿಂದೊಂದು ಬಂದು ಚಾಪೆ ಹಾಸಿಕೊಳ್ಳುತ್ತವೆ. ನನ್ನ ಹೆಂಡತಿ ಗಿರಿಜೆ ಇದನ್ನು ಮದುವೆಯಾದ ಹೊಸದರಲ್ಲೇ ಪತ್ತೆಹಚ್ಚಿದಳು. ನಾನು ಗೋಡೆ ನೋಡುತ್ತಾ ಕೂತದ್ದು ಕಂಡರೆ ಸಾಕು, ಮಡಿಲಿಗೆ ನಾಲ್ಕು ಗಡ್ಡೆ ಬೆಳ್ಳುಳ್ಳಿ ಸುರಿದು ಬಿಡಿಸಲು ಹೇಳುತ್ತಾಳೆ. ಹೀಗಿರುವಾಗ ನನ್ನ ಹಳೆಯ ಕಾರಿಗೂ ಅದೇ ಕಾಯಿಲೆ ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಯಜಮಾನನ ಗುಣ ಬಂದಿದೆ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮಾವನವರು ಕೂರುತ್ತಿದ್ದರು. ಅವರು ಕೂತು ಹೋಗುತ್ತಿದ್ದುದು ಡಯಾಲಿಸಿಸ್‌ಗೆ.

ಮಾವನವರ ಹೆಸರು ಕರಿಬಸಪ್ಪ. ಸಾರಥಿ ಎಂಬ ಹಳ್ಳಿಯಲ್ಲಿ ಎತ್ತು ಕಟ್ಟಿ ಬೇಸಾಯ ಮಾಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಹರಿಹರದಲ್ಲಿರುವ ಮಗನ ಮನೆಗೆ ಬಂದರು. ಅಲ್ಲಿಗೆ ಬಂದ ಮೇಲೆ ಕಿಡ್ನಿಗಳೂ ಕೈಕೊಟ್ಟವು. ಮಗನಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಆದ್ದರಿಂದ ವಾರಕ್ಕೆರಡು ದಿನ ಅವರನ್ನು ಹರಿಹರದಿಂದ ದಾವಣಗೆರೆಯ ಆಸ್ಪತ್ರೆಗೆ ಕರೆತಂದು ವಾಪಸು ಬಿಡುವ ಕೆಲಸ ನನ್ನ ಪಾಲಿಗೆ ಬಂತು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲೇ ಇದ್ದುಬಿಡಿ ಎಂದು ನಾನೂ ಗಿರಿಜೆಯೂ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. "ಮಗಳ ಮನೆಯಾಗೆ ಹಬ್ಬಕ್ಕೆ ಉಣ್ಣಬೇಕ್ರಿ ಅಳಿಯಂದ್ರೆ, ರೋಗಕ್ಕೆ ಮಲಗಬಾರ್ದು" ಎಂದರು. ನನ್ನ ಕಾರಿನಲ್ಲಿ ರೋಗ ಹೊತ್ತು ತಿರುಗಬಹುದು, ನನ್ನ ಮನೆಯಲ್ಲಿ ಮಲಗಬಾರದು ಎಂಬ ಈ ಶಾಸ್ತ್ರ ನನಗೆ ಅರ್ಥವಾಗಲಿಲ್ಲ. ಅಳಿಯನಾದವನು ಅರ್ಥ ಮಾಡಿಕೊಳ್ಳಲು ಹೋಗಲೂಬಾರದು.

ಈ ವ್ಯವಸ್ಥೆಗೆ ಅವರು ಹಾಕಿದ್ದು ಒಂದೇ ಷರತ್ತು: ಅಮಾವಾಸ್ಯೆ ಅಮಾವಾಸ್ಯೆಗೆ ಕಾರಿನ ಪೂಜೆ ತಮ್ಮ ಕೈಯಿಂದಲೇ ಆಗಬೇಕು. ನಮ್ಮ ಕಡೆ ಲಾರಿಯಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲದಕ್ಕೂ ಅಮಾವಾಸ್ಯೆ ಪೂಜೆ ಉಂಟು. ಹೊರಗಿನಿಂದ ವಿಭೂತಿ ಬಳಿದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸುವುದು ವಾಡಿಕೆ. ಮಾವನವರದು ಮಾತ್ರ ಒಂದು ಕೈ ಮುಂದೆ. "ಎತ್ತಿನ ಹಣೆ ಹೊರಗೈತೆ, ಇದರ ಜೀವ ಇರೋದು ಒಳಗೆ" ಎಂದು ಬಾನೆಟ್ ಎತ್ತಿಸಿ, ಇಂಜಿನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ಅದರ ಪಕ್ಕದ ಒಂದು ಸಂದಿಗೆ ಊದುಬತ್ತಿ ಸಿಗಿಸಿ, ಅದು ಪೂರ್ತಿ ಉರಿದು ಮುಗಿಯುವವರೆಗೆ ಕೈಮುಗಿದು ನಿಲ್ಲುತ್ತಿದ್ದರು. ನಾನು ಬೇಡವೆನ್ನಲಿಲ್ಲ. ಚಪ್ಪಲಿ ಹಾಕಲು ಒಬ್ಬರು, ಕುಡಿಯುವ ನೀರನ್ನು ಅಳೆದು ಕೊಡಲು ಒಬ್ಬರು ಎಂಬಂತಾಗಿದ್ದ ಆ ಮನುಷ್ಯನಿಗೆ ಸ್ವಂತ ಕೈಯಿಂದ ಮಾಡಲು ಉಳಿದಿದ್ದ ಕೆಲಸ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಕಾಯಿಲೆ ಶುರುವಾದದ್ದು ಬೇಸಿಗೆಯಲ್ಲಿ. ಪಿ.ಬಿ. ರಸ್ತೆಯಲ್ಲಿ ಓಡುವಾಗ ಕಾರು ಮದುಮಗನ ಹಾಗೆ ಗಂಭೀರವಾಗಿ ಹೋಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಿತೋ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಒಮ್ಮೆ ಉಬ್ಬಸಪಟ್ಟು, ಒಮ್ಮೆ ತಾನಾಗಿ ರೊಯ್ಯೆಂದು, ಕೊನೆಗೆ ಆರಿಹೋಗುತ್ತಿತ್ತು. ಆರುವ ಮುಂಚೆ ಬಾನೆಟ್ಟಿನೊಳಗಿಂದ ಉಸ್ಸೆಂಬ ಸಣ್ಣ ಸದ್ದು ಬೇರೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಬಲಗಾಲಿನ ಹಿಮ್ಮಡಿಯಿಂದ ಬ್ರೇಕನ್ನೂ ಬೆರಳುಗಳಿಂದ ಆಕ್ಸಿಲರೇಟರನ್ನೂ ಒತ್ತಿ ಇಂಜಿನ್ನಿನ ಜೀವ ಹಿಡಿದುಕೊಳ್ಳುವ ಸರ್ಕಸ್ಸು ಕಲಿತೆ. ಈ ವಯಸ್ಸಿನಲ್ಲಿ ಕಲಿತ ಏಕೈಕ ಹೊಸ ವಿದ್ಯೆ ಅದು. ಹಿಂದಿನ ಸೀಟಿನಿಂದ ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, "ಗಾಡಿ ಉಸ್ಸ್ ಅಂತೈತೆ ನೋಡ್ರಿ. ನನ್ನಂಗೇ ಅದಕ್ಕೂ ದಣಿವಾಗೈತೆ" ಎನ್ನುತ್ತಿದ್ದರು. ಹಾಗೇನಿಲ್ಲ ಮಾವ ಎಂದು ನಾನು ಎರಡಕ್ಕೂ ಸೇರಿಸಿ ಸುಳ್ಳು ಹೇಳುತ್ತಿದ್ದೆ.

ನಮ್ಮ ಬಡಾವಣೆಯ ಮೆಕ್ಯಾನಿಕ್ ಹಾಲೇಶ ಬಾನೆಟ್ಟಿಗೆ ಕಿವಿಗೊಟ್ಟು ಕೇಳಿದ. "ಎಲ್ಲೋ ಗಾಳಿ ಎಳೀತೈತೆ ಸಾರ್" ಎಂದ. ಇಂಜಿನ್ನು ಮೂಗಿನಿಂದ ಮಾತ್ರ ಉಸಿರಾಡಬೇಕಂತೆ; ಎಷ್ಟು ಗಾಳಿ ಒಳಗೆ ಹೋಯಿತು ಎಂದು ಅಲ್ಲಿ ಲೆಕ್ಕ ಇಟ್ಟು ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡುತ್ತದಂತೆ. ಮೂಗಿನ ಆಚೆ ಎಲ್ಲೋ ತೂತು ಬಿದ್ದರೆ ಕಳ್ಳಗಾಳಿ ನುಗ್ಗಿ ಲೆಕ್ಕ ತಪ್ಪುತ್ತದೆ. ವೇಗದಲ್ಲಿ ಹೋಗುವಾಗ ಅಷ್ಟು ಗಾಳಿಯಲ್ಲಿ ಇದು ಗೊತ್ತಾಗುವುದಿಲ್ಲ, ನಿಂತಾಗ ಪ್ರಾಣಕ್ಕೆ ಬರುತ್ತದೆ. ಇಷ್ಟು ಚೆನ್ನಾಗಿ ವಿವರಿಸಿದವನಿಗೆ ತೂತು ಮಾತ್ರ ಸಿಗಲಿಲ್ಲ. ಕ್ಲಾಂಪುಗಳನ್ನು ಬಿಗಿ ಮಾಡಿದ, ಗ್ಯಾಸ್ಕೆಟ್ ಬದಲಿಸಿದ, ಏನೇನೋ ಬಿಚ್ಚಿ ಒರೆಸಿದ. "ಸದ್ದು ಕೇಳ್ತೈತೆ, ಜಾಗ ಸಿಗ್ತಿಲ್ಲ. ಇನ್ನೊಂದ್ಸಲ ಬಿಟ್ಟು ಹೋಗ್ರಿ" ಎಂದ. ನಾನು ಅವನನ್ನು ದೂರಲಾರೆ. ನಮ್ಮ ಸಾಹೇಬರು ಬಾಗಿಲು ಹಾಕಿಕೊಂಡು ಆಡಿದ ಮಾತು ಅರ್ಧ ಗಂಟೆಯಲ್ಲಿ ಕ್ಯಾಂಟೀನಿಗೆ ಬಂದಿರುತ್ತದೆ. ಎಲ್ಲಿಂದ ಸೋರುತ್ತದೆ ಎಂದು ಇಡೀ ಕಚೇರಿಗೆ ಇದುವರೆಗೆ ಪತ್ತೆಯಾಗಿಲ್ಲ.

ಊರಿನವರೆಲ್ಲ ವೈದ್ಯರಾಗುವ ಸಂದರ್ಭಗಳು ಎರಡು: ಮನೆಯಲ್ಲಿ ಒಬ್ಬರಿಗೆ ದೊಡ್ಡ ರೋಗ ಬಂದಾಗ, ಮತ್ತು ಕಾರು ರಸ್ತೆಯಲ್ಲಿ ನಿಂತಾಗ. ನನಗೆ ಎರಡೂ ಒಟ್ಟಿಗೆ ಬಂದಿದ್ದರಿಂದ ಸಲಹೆಗಳು ಬೆರೆತುಹೋದವು. ಒಂದು ದಿನ ಕಚೇರಿಯಲ್ಲಿ ಪಕ್ಕದ ಮೇಜಿನವರು ಚಹಾ ಕುಡಿಯುತ್ತಾ, "ಇನ್ನೆಷ್ಟು ದಿನ ಅಂತ ಎಳೀತೀರಿ? ವಯಸ್ಸಾಗೈತೆ. ಆಸೆ ಬಿಟ್ಟುಬಿಡ್ರಿ" ಎಂದರು. ಅವರು ಹೇಳಿದ್ದು ಕಾರಿನ ವಿಷಯ. ನನಗೆ ಗೊತ್ತಿತ್ತು. ಆದರೂ ಚಹಾ ಅರ್ಧಕ್ಕೇ ಬಿಟ್ಟು ಫೈಲು ಬಿಚ್ಚಿದೆ.

ಕೊನೆಗೆ ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ರೈಲ್ವೆ ಗೇಟು ಹಾಕಿತ್ತು, ಕಾರು ಆರಿತು. ಗೇಟು ತೆಗೆಯಿತು, ಕಾರು ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟ್ ಆಗುವಷ್ಟರಲ್ಲಿ ಗೇಟು ಮತ್ತೆ ಹಾಕಿತು. ಅಂದು ಡಯಾಲಿಸಿಸ್ ಮುಗಿಸಿ ಹರಿಹರಕ್ಕೆ ಮರಳಿದ ಮೇಲೆ ಮಾವನವರು ಇಳಿಯದೆ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಹೇಳಿದರು: "ನಮ್ಮಪ್ಪ ಒಂದು ಮಾತು ಹೇಳ್ತಿದ್ದ. ಹೂಡಿದ ಎತ್ತು ಹೆಜ್ಜೆ ಕೀಳಲಿಲ್ಲ ಅಂದ್ರೆ ಬಾರುಕೋಲು ತಗೀಬ್ಯಾಡ, ನೊಗ ಬಿಚ್ಚು. ಅದಕ್ಕೆ ಏನೋ ಕಾಣ್ತೈತೆ ಅಂತ. ನಾನು ಇನ್ನು ಬರಲ್ರಿ ಆಸ್ಪತ್ರೆಗೆ. ಗಾಡಿಗೇ ಒಪ್ಪಿಗೆ ಇಲ್ಲ."

ಸುಮ್ಮನೆ ಬೇಸರಕ್ಕೆ ಆಡಿದ ಮಾತೆಂದುಕೊಂಡೆ. ಮುಂದಿನ ಸರದಿಗೆ ಹೋದಾಗ ಅವರು ಬಾಗಿಲ ಕಟ್ಟೆಯ ಮೇಲೆ ಅಂಗಿಯಿಲ್ಲದೆ ಕೂತಿದ್ದರು, ಏಳಲಿಲ್ಲ. ಬಾಡಿಗೆ ಕಾರು ತರುತ್ತೇನೆ ಎಂದೆ. "ಗಾಡಿ ಬದಲಾದ್ರೆ ಹಣೆಬರ ಬದಲಾಗ್ತೈತೇನ್ರಿ?" ಎಂದರು. ಗಿರಿಜೆ ಫೋನಿನಲ್ಲಿ ಅತ್ತಳು, ಬೈದಳು, ಮತ್ತೆ ಅತ್ತಳು. ಮರುದಿನದ ಹೊತ್ತಿಗೆ ಅವರ ಪಾದಗಳು ಊದಿಕೊಂಡವು. ಇನ್ನೊಂದು ಸಲ ತಪ್ಪಿಸಿದರೆ ನಾವು ಹೊಣೆಯಲ್ಲ ಎಂದರು ಆಸ್ಪತ್ರೆಯವರು. ಕಡೆಗೆ ಮಾವನವರು ಒಂದು ಮೆಟ್ಟಿಲು ಇಳಿದು ಬಂದರು: "ನಾಳೆ ಅಮಾಸಿ. ಉಕ್ಕಡಗಾತ್ರಿಗೆ ಕರ್ಕೊಂಡು ಹೋಗ್ರಿ. ಗಾಡಿ ಪೂಜೆ ಅಲ್ಲೇ ಆಗ್ಲಿ. ಅಜ್ಜಯ್ಯ ಹೆಂಗೆ ನಡೆಸ್ತಾನೋ ಹಂಗೆ."

ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಹೆಸರನ್ನೇ ಅವರಿಗೆ ಇಟ್ಟಿರುವುದು. ಗಾಳಿ ಸೋಕಿದವರನ್ನು ಅಮಾವಾಸ್ಯೆಗೆ ಅಲ್ಲಿಗೆ ಕರೆತರುತ್ತಾರೆ. ಹಾಗೆ ನೋಡಿದರೆ ಹಾಲೇಶನ ಮಾತಿನ ಪ್ರಕಾರ ನನ್ನ ಕಾರನ್ನು ಒಯ್ಯಬೇಕಾದ ಸರಿಯಾದ ಜಾಗ ಅದೇ. ಗಿರಿಜೆಯೂ ಜೊತೆಗೆ ಹೊರಟಳು. ಮಲೇಬೆನ್ನೂರು ದಾಟುವವರೆಗೂ ನಾನು ಎಲ್ಲೂ ನಿಲ್ಲಿಸಲಿಲ್ಲ. ರಸ್ತೆಗೆ ಎಮ್ಮೆ ಅಡ್ಡ ಬಂದಾಗಲೂ ಕೈಮುಗಿಯುವ ಮುಖ ಮಾಡಿ ಮೆಲ್ಲಗೆ ತೂರಿಸಿದೆ. ಹೊಳೆದಂಡೆಯ ಮರವೊಂದರ ಕೆಳಗೆ ಕಾರು ನಿಲ್ಲಿಸಿದ ಮೇಲೂ ಇಂಜಿನ್ ಬಂದ್ ಮಾಡಲಿಲ್ಲ; ಪೂಜೆಗೆ ಬಂದ್ ಮಾಡದೆ ಬಿಟ್ಟದ್ದು ಅದೇ ಮೊದಲು. ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂಬ ನಂಬಿಕೆ ನನಗೆ ಅಜ್ಜಯ್ಯನ ಸನ್ನಿಧಿಯಲ್ಲೂ ಇರಲಿಲ್ಲ. ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದ ಹೆಂಗಸೊಬ್ಬಳು ಕನಿಕರದಿಂದ, "ಯಾರಿಗ್ರಿ ಅಣ್ಣಾ, ಅಜ್ಜಾರಿಗಾ ನಿಮಗಾ?" ಎಂದು ಕೇಳಿದಳು. ಕಾರಿಗೆ ಎಂದೆ. ಅವಳು ನನ್ನ ಕಡೆ ಇನ್ನೂ ಹೆಚ್ಚು ಕನಿಕರದಿಂದ ನೋಡಿದಳು.

ಮಾವನವರು ಗಿರಿಜೆಯ ಹೆಗಲು ಹಿಡಿದು ಇಳಿದರು. ಬಾನೆಟ್ ಎತ್ತಿದೆ. ಇಂಜಿನ್ನು ಅಂದು ಯಾಕೋ ಆರಲಿಲ್ಲ, ನಡುಗುತ್ತಲೇ ಇತ್ತು; ಅವರು ಎಳೆದ ವಿಭೂತಿಯ ಪಟ್ಟೆಗಳೂ ಸೊಟ್ಟಗಾದವು. ಆಮೇಲೆ ಊದುಬತ್ತಿ ಹಚ್ಚಿ ಬೆಳಗಿದರು. ಗಾಳಿಯಿರಲಿಲ್ಲ, ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ತಮ್ಮ ಮಾಮೂಲಿ ಸಂದಿಗೆ ಸಿಗಿಸಲೆಂದು ಕೈ ತಗ್ಗಿಸಿದರು ನೋಡಿ, ಹೊಗೆ ತಟ್ಟನೆ ಬಾಗಿ, ದಾರದಂತೆ ಸಣ್ಣದಾಗಿ, ಒಂದು ಕಪ್ಪು ರಬ್ಬರ್ ಕೊಳವೆಯ ಅಡಿಗೆ ಹೋಗಿ ಮಾಯವಾಯಿತು. ಕಡ್ಡಿ ಮೇಲೆತ್ತಿದರೆ ಹೊಗೆ ಮೇಲಕ್ಕೆ, ಇಳಿಸಿದರೆ ಕೊಳವೆಯೊಳಕ್ಕೆ. "ಕುಡೀತಾ ಐತೆ!" ಎಂದರು ಮಾವನವರು, ಬಹಳ ದಿನಗಳ ಮೇಲೆ ದೊಡ್ಡ ದನಿಯಲ್ಲಿ. "ಅಜ್ಜಯ್ಯ ಧೂಪ ತಗೊಂಡ!" ಬುತ್ತಿಯ ಹೆಂಗಸು ಅನ್ನದ ಕೈಯಲ್ಲೇ ನಮಸ್ಕಾರ ಮಾಡಿದಳು. ಇನ್ನೂ ನಾಲ್ಕು ಜನ ಸೇರಿದರು. ನನ್ನ ಇಂಜಿನ್ನಿಗೆ ಅಷ್ಟು ಮರ್ಯಾದೆ ಅದರ ಜನ್ಮದಲ್ಲಿ ಸಿಕ್ಕಿರಲಿಲ್ಲ.

ನಾನು ಬಗ್ಗಿ ಕೊಳವೆಯ ಅಡಿಗೆ ಬೆರಳು ಹಾಕಿದೆ. ಒಂದು ತೂತು ತಾಗಿತು, ಬೆರಳನ್ನು ಒಳಕ್ಕೆ ಎಳೆಯಿತು. ಒತ್ತಿ ಹಿಡಿದೆ. ಉಸ್ಸೆನ್ನುವುದು ನಿಂತಿತು, ಇಂಜಿನ್ನಿನ ನಡುಕವೂ ನಿಂತಿತು. ಸುತ್ತಲಿನವರು ಈಗ ನನಗೂ ಕೈಮುಗಿಯುವ ಅಂದಾಜಿನಲ್ಲಿದ್ದರು. ನನ್ನ ಕಣ್ಣು ಮಾತ್ರ ಕೊಳವೆಯ ಕೆಳಗಿನ ಸಂದಿಯಲ್ಲಿತ್ತು. ಅಲ್ಲಿ ಹಳೆಯ ಊದುಬತ್ತಿಗಳ ಕೆಂಪು ಕಡ್ಡಿಗಳು, ಒಂದಿಷ್ಟು ಬೂದಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅದೇ ಜಾಗದಲ್ಲಿ ಕೆಂಡ ತಾಗಿ ತಾಗಿ ರಬ್ಬರು ಸುಟ್ಟು ದುಂಡಗೆ ತೂತಾಗಿತ್ತು. ಆಮೇಲೆ ಕೇಳಿದಾಗ ಹಾಲೇಶ ನಾಲಿಗೆ ಕಚ್ಚಿಕೊಂಡ. "ಕಡ್ಡಿ ಕಂಡಿದ್ವು ಸಾರ್. ಪೂಜೆ ಸಾಮಾನು, ಹೆಂಗೆ ಕೈಹಾಕೋದು ಅಂತ ಅದೊಂದು ಜಾಗ ಬಿಟ್ಟು ಉಳಿದದ್ದೆಲ್ಲ ನೋಡಿದೆ" ಎಂದ.

ನಾನು ಬಾಯಿ ಬಿಡಬಾರದೆಂದುಕೊಂಡೆ. ಆದರೆ ಮಾವನವರು ಕೆಟ್ಟ ಕಿಡ್ನಿಯ ಮನುಷ್ಯರೇ ಹೊರತು ಕೆಟ್ಟ ಕಣ್ಣಿನವರಲ್ಲ. ಬಗ್ಗಿ ಕಡ್ಡಿಗಳನ್ನು ನೋಡಿದರು, ಬೂದಿ ನೋಡಿದರು, ನನ್ನ ಬೆರಳು ನೋಡಿದರು. ಕೈಯಲ್ಲಿದ್ದ ಊದುಬತ್ತಿಯನ್ನು ನೆಲಕ್ಕೆ ಚುಚ್ಚಿದರು. ಅಜ್ಜಯ್ಯನೇ ನಿಮ್ಮ ಕೈಯಿಂದ ತೋರಿಸಿದ ಮಾವ, ಇನ್ನು ಯಾವ ಅಪಶಕುನವೂ ಇಲ್ಲ ಎಂದು ನಾನು ಉತ್ಸಾಹದಿಂದ ಶುರುಮಾಡಿದೆ. ಅವರು ಖುಷಿಪಡಲಿಲ್ಲ.

"ಎತ್ತಿನ ತಪ್ಪಿಲ್ಲ ಹಂಗಾರೆ" ಎಂದರು. ಹೊಳೆ ಕಡೆ ತಿರುಗಿದರು. "ಆ ಸೂಜಿ ಬಹಳ ನೋಯ್ತೈತ್ರಿ ಅಳಿಯಂದ್ರೆ. ದಬ್ಬಣದಂಗ ಐತೆ. ಬರಲ್ಲ ಅನ್ನಾಕೆ ಒಂದು ನೆವ ಸಿಕ್ಕಿತ್ತು. ನೀವು ಅದನ್ನೂ ಬೆರಳಿಟ್ಟು ಮುಚ್ಚಿಬಿಟ್ರಿ."

ಗಿರಿಜೆ ಮುಖ ತಿರುಗಿಸಿದಳು. ನನಗೆ ಬೆರಳು ತೆಗೆಯಬೇಕೋ ಹಿಡಿದೇ ಇರಬೇಕೋ ತಿಳಿಯಲಿಲ್ಲ. ಅವರೇ ತಮ್ಮ ಪಂಚೆಯ ಅಂಚನ್ನು ಹರಿದು ಕೊಟ್ಟು, "ಕಟ್ರಿ. ನಡೀರಿ, ಹೊತ್ತಾಗ್ತೈತೆ" ಎಂದರು. ಅಜ್ಜಯ್ಯನ ದರ್ಶನ ಮಾಡಿಸಿ, ಸುತ್ತಿದ ಬಟ್ಟೆಯ ಮೇಲೆ ಕಾರಿನ ಸಲಕರಣೆ ಡಬ್ಬಿಯಲ್ಲಿದ್ದ ಟೇಪು ಬಿಗಿದು, ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಮಾರನೆಯ ದಿನ ಹಾಲೇಶ ಹೊಸ ಕೊಳವೆ ಹಾಕಿದ.

ಈಗ ಕಾರು ಸರಿಯಾಗಿದೆ. ಮಾವನವರೂ ತಪ್ಪದೆ ಬರುತ್ತಾರೆ. ಪೂಜೆಯೂ ನಡೆಯುತ್ತದೆ, ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿ ನೆಲದ ಮೇಲೆ ಇಡುತ್ತಾರೆ. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ನು ಇದೆಯೋ ಇಲ್ಲವೋ ಎನ್ನುವಷ್ಟು ಸದ್ದಿಲ್ಲ. ತೊಂದರೆ ಬಂದಿರುವುದು ಅಲ್ಲೇ. ಆ ಮೌನದಲ್ಲಿ ಹಿಂದಿನ ಸೀಟಿನ ಉಸಿರಾಟ ನನಗೆ ಕೇಳಿಸುತ್ತದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಈಚೆಗೆ ಹೆಚ್ಚಾಗಿದೆ. ಆ ಬಿಡುವಿನಲ್ಲಿ ನನ್ನ ಬಲಗಾಲು ತನ್ನ ಹಳೆಯ ವಿದ್ಯೆಯನ್ನು ನೆನಪಿಸಿಕೊಂಡು ಆಕ್ಸಿಲರೇಟರನ್ನು ಒತ್ತುತ್ತದೆ. ಇಂಜಿನ್ನು ರೊಯ್ಯೆಂದು, ಬೇರೇನೂ ಕೇಳದ ಹಾಗಾಗುತ್ತದೆ.

ಮೊನ್ನೆ ಸಿಗ್ನಲ್‌ನಲ್ಲಿ ನಿಂತಾಗ ಮಾವನವರು ಕೇಳಿಯೇಬಿಟ್ಟರು. "ಗಾಡಿ ಸರಿಯಾಗೈತಲ್ರಿ, ಇನ್ನೂ ಯಾಕ ಒತ್ತುತೀರಿ?"

ಅಭ್ಯಾಸ ಆಗಿಬಿಟ್ಟಿದೆ ಮಾವ ಎಂದೆ.

ಅವರು ಹೇಳಿದರು. "ಒತ್ರಿ, ಒತ್ರಿ. ನನಗೂ ಅದು ಕೇಳಾಕೆ ಆಗಲ್ಲ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದರು. ಕಾರು ಹೊರಡಲು ತಯಾರಾಗಿಯೇ ನಿಂತಿತ್ತು.